ಹಾರದ ಬದಲು ಕಂಬಳಿ

ನಾನು ಬೋರ್ಡ್ ಬರೆಯುವವನು. ನಂಜನಗೂಡಿನಲ್ಲಿ ಮೂವತ್ತು ವರ್ಷದಿಂದ ಅಂಗಡಿ ಹೆಸರು, ಲಾರಿಯ ಹಿಂದಿನ ಮಾತು, ಶಾಲೆ ಗೋಡೆಯ ನುಡಿಮುತ್ತು ಎಲ್ಲವನ್ನೂ ಬರೆದಿದ್ದೇನೆ. ಅದರಲ್ಲಿ ಮೊದಲ ಹನ್ನೆರಡು ವರ್ಷ ನಾನು ಬರೆದದ್ದನ್ನು ನನಗೇ ಓದಲು ಬರುತ್ತಿರಲಿಲ್ಲ. ಗಿರಾಕಿ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಚಿತ್ರ ನೋಡಿದ ಹಾಗೆ ನೋಡಿ ದೊಡ್ಡದು ಮಾಡುತ್ತಿದ್ದೆ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ನನಗೆ ಮೂವತ್ತಾರನೇ ವಯಸ್ಸಿನಲ್ಲಿ ಓದು ಕಲಿಸಿದವರು ತಿ. ನರಸೀಪುರದ ಒಬ್ಬರು ಕನ್ನಡ ಮೇಡಂ. ಅವರ ಶಾಲೆಯ ಗೋಡೆಗೆ ಬರೆಯಲು ಹೋದಾಗ ನನ್ನ ಗುಟ್ಟು ಹಿಡಿದುಬಿಟ್ಟರು. ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗಿ ಅವರ ಮನೆ ಜಗಲಿಯ ಮೇಲೆ ಕೂತು ಕಲಿತೆ. ನಲವತ್ತೊಂದಕ್ಕೆ ಎಸ್ಸೆಸ್ಸೆಲ್ಸಿ ಪಾಸಾದೆ.

ಓದು ಬಂದಮೇಲೆ ಇನ್ನೊಂದು ಕೆಲಸವೂ ಸಿಕ್ಕಿತು. ನಮ್ಮ ಕಡೆ ಪೌರಾಣಿಕ ನಾಟಕ ಆಡುವ ಮಂಡಳಿಗಳು ಬೇಕಾದಷ್ಟಿವೆ. ಹಗಲು ಗದ್ದೆ, ಡೈರಿ, ಅಂಗಡಿ ನೋಡಿಕೊಳ್ಳುವವರು ಬಣ್ಣ ಹಚ್ಚಿ, ಕಿರೀಟ ಇಟ್ಟು ರಾಜರಾಗುತ್ತಾರೆ. ಪರದೆಯ ಪಕ್ಕ ನಿಂತು, ಪುಸ್ತಕ ನೋಡಿಕೊಂಡು, ಮಾತು ಮರೆತವರಿಗೆ ಮೆಲ್ಲಗೆ ಎತ್ತಿಕೊಡುವುದು ನನ್ನ ಕೆಲಸ. ಗದೆ ಹಿಡಿದ ರಾಜನೊಬ್ಬ ಮುಂದಿನ ಮಾತಿಗಾಗಿ ನನ್ನ ಬಾಯನ್ನೇ ನೋಡುತ್ತಾ ನಿಂತಾಗ ನನಗೆ ಹೆಮ್ಮೆಯಾಗುತ್ತದೆ. ಅದನ್ನು ಮುಚ್ಚಿಡುವುದು ಯಾಕೆ.

ಅದೊಂದು ಆಷಾಢದ ಮೊದಲ ವಾರ ಕಪಿಲೆ ತುಂಬಿ ಬಂದಳು. ಅದು ನಮಗೆ ಹೊಸದಲ್ಲ. ಆದರೆ ಆ ಸಲ ನೀರು ಇಟ್ಟಿಗೆ ಪುಡಿ ಕಲಸಿದ ಹಾಗೆ ಕೆಂಪಾಗಿತ್ತು. ಮೇಲೆ ಘಟ್ಟದಲ್ಲಿ ರಾತ್ರೋರಾತ್ರಿ ಗುಡ್ಡ ಜಾರಿ ಎಸ್ಟೇಟ್ ಕೂಲಿಯವರ ಲೈನ್ ಮನೆಗಳು ಹೋಗಿವೆ ಎಂದು ಬೆಳಗ್ಗೆ ಗೊತ್ತಾಯಿತು. ಸ್ನಾನಘಟ್ಟದ ಮೆಟ್ಟಿಲ ಮೇಲೆ ನಿಂತಿದ್ದವರು ಆ ನೀರನ್ನೇ ನೋಡುತ್ತಿದ್ದರು. ಆ ಕೂಲಿಯವರ ಮನೆಗಳ ಮಣ್ಣೇ ನಮ್ಮೂರ ಮುಂದೆ ಹರಿದು ಹೋಗುತ್ತಿತ್ತು.

ನಮ್ಮ ಬೀದಿಯವರು ಎರಡು ದಿನದಲ್ಲಿ ಒಂದು ವ್ಯಾನ್ ತುಂಬಾ ಬಟ್ಟೆ ಸೇರಿಸಿದರು. ವ್ಯಾನಿಗೆ ಬ್ಯಾನರ್ ಬರೆದವನು ನಾನೇ. ಜೊತೆಯಲ್ಲೂ ಹೋದೆ. ನಿರಾಶ್ರಿತರನ್ನು ಒಂದು ಶಾಲೆಯಲ್ಲಿ ಇಟ್ಟಿದ್ದರು. ಒಂದೊಂದು ಕೊಠಡಿಯ ನೆಲದ ಮೇಲೂ ಸೀಮೆಸುಣ್ಣದಲ್ಲಿ ಗೆರೆ ಎಳೆದು ಇಷ್ಟು ಜಾಗ ಈ ಸಂಸಾರಕ್ಕೆ ಎಂದು ಭಾಗ ಮಾಡಿದ್ದರು. ವರಾಂಡದಲ್ಲಿ ನಮಗಿಂತ ಮೊದಲು ಬಂದವರು ಸುರಿದಿದ್ದ ಹಳೇ ಬಟ್ಟೆ ಸೊಂಟದೆತ್ತರ ಬಿದ್ದಿತ್ತು. ಯಾರೂ ಮುಟ್ಟಿರಲಿಲ್ಲ. ಅದರ ಪಕ್ಕಕ್ಕೇ ನಮ್ಮದನ್ನೂ ಸುರಿದೆವು.

ಅಲ್ಲಿ ಕೂತಿದ್ದ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ನಮ್ಮ ಗಂಟಿನಿಂದ ಒಂದು ಬಟ್ಟೆ ಎಳೆದರು. ಮದುವೆ ಗಂಡಿನ ಕೋಟು. ಮಿಂಚು ಹೊಲಿಗೆಯದು, ಒಂದು ತೋಳು ಇರಲಿಲ್ಲ. ಅದನ್ನು ತೊಡೆಯ ಮೇಲೆ ಹರಡಿಕೊಂಡು ಯಾವೂರು ಎಂದು ಕೇಳಿದರು. ನಂಜನಗೂಡು ಎಂದೆ.

"ನಾನೂ ಆ ಕಡೆಯೋಳೇ ಕಣಪ್ಪ. ಚಿಕ್ಕಯ್ಯನಛತ್ರದ ತಾವು ನಮ್ಮೂರು. ಮದ್ವೆ ಮಾಡ್ಕೊಂಡು ಇಲ್ಲಿಗೆ ಕೂಲಿಗೆ ಬಂದೋಳು," ಎಂದರು. ಕೋಟನ್ನು ಮಡಿಸಿ ನನ್ನ ಕೈಗೇ ವಾಪಸ್ ಕೊಟ್ಟರು. "ನಮ್ಮೂರ್ನೋರು ಕಳ್ಸಿರೋದಾ ಇದು?"

ಏನು ಬೇಕು ಹೇಳಿ ಅಕ್ಕ ಎಂದೆ. ಅಡಿಗೆಗೆ ಸರ್ಕಾರದವರು ಕೊಡುತ್ತಿದ್ದಾರೆ, ರಾತ್ರಿ ಚಳಿ ತಡೆಯುವುದಕ್ಕಾಗುತ್ತಿಲ್ಲ ಎಂದರು.

"ಸಂಸಾರಕ್ಕೊಂದು ಕಂಬ್ಳಿ ತಂದ್ಕೊಡಿ ಸಾಕು. ಒಸದು. ಯಾರೋ ಉಟ್ಟು ಬುಟ್ಟಿದ್ದು ಬ್ಯಾಡ. ನಾವು ತಿರ್ಕೊಂಡು ತಿನ್ನೋ ಜನ ಅಲ್ಲ."

ಆಷಾಢ ಮುಗಿಯುವುದರೊಳಗೆ ತರುತ್ತೇನೆ ಎಂದು ಮಾತು ಕೊಟ್ಟೆ. ಎಲ್ಲರೂ ಹಾಗೇ ಅನ್ನುತ್ತಾರೆ ಎಂದು ಅವರು ಆ ಕಡೆ ತಿರುಗಿಕೊಂಡರು. ಕ್ಲಾಸಿನ ಕಪ್ಪು ಹಲಗೆಯ ಮೇಲೆ ಅಲ್ಲಿದ್ದ ಮನೆಯವರ ಹೆಸರೆಲ್ಲ ಬರೆದಿದ್ದರು. ಲೆಕ್ಕ ಮಾಡಿದೆ, ಎಂಬತ್ತಮೂರು. ಒಂದೂ ಬಿಡದೆ ನನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಬರುವಾಗ ದಾರಿಯುದ್ದಕ್ಕೂ ಆ ತೋಳಿಲ್ಲದ ಕೋಟು ನನ್ನ ತೊಡೆಯ ಮೇಲೇ ಇತ್ತು.

ಮಾರನೇ ದಿನ ನೇರ ಮೇಡಂ ಮನೆಗೆ ಹೋದೆ. ಅವರು ಈಗ ರಿಟೈರಾಗಿದ್ದಾರೆ, ಕವಿತೆ ಬರೆಯುತ್ತಾರೆ, ಎರಡೂ ತಾಲ್ಲೂಕಿನ ಬರಹಗಾರರಿಗೆ ಅವರ ಮಾತೆಂದರೆ ಮಾತು. ನಾಟಕ ಮಂಡಳಿಯ ಹಾರ್ಮೋನಿಯಂ ಮೇಷ್ಟ್ರನ್ನೂ ಕರೆಸಿದೆವು. ಅದೇ ಜಗಲಿಯ ಮೇಲೆ ಸಭೆ. ಬಂದಿದ್ದ ಕವಿಗಳೆಲ್ಲ ಕವಿಗೋಷ್ಠಿ ಮಾಡೋಣ ಎಂದರು. ಮೇಷ್ಟ್ರು ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಕವಿಗೋಷ್ಠಿಗೆ ಕವಿಗಳೇ ತಾನೇ ಸಾ ಬರೋದು. ಕಂಬ್ಳಿ ತರೋರು ಯಾರು?" ಎಂದರು. ಕೊನೆಗೆ ಎರಡೂ ಇರಲಿ ಎಂದಾಯಿತು. ನಾಟಕ ನಡೆಯುವುದು, ದೃಶ್ಯ ಬದಲಾಗುವಾಗ ಪರದೆಯ ಮುಂದೆ ಒಬ್ಬೊಬ್ಬ ಕವಿ ಬಂದು ಓದುವುದು. ರಾತ್ರಿಯೆಲ್ಲಾ ಆಡುವ ನಾಟಕವನ್ನು ಕತ್ತರಿಸಿ ಸಂಜೆ ನಾಲ್ಕಕ್ಕೆ ಶುರು ಮಾಡಿ ಒಂಬತ್ತಕ್ಕೆ ಮುಗಿಸುವುದು. ಆಷಾಢದಲ್ಲಿ ಮದುವೆಗಳಿಲ್ಲವಲ್ಲ, ನರಸೀಪುರದ ಕಲ್ಯಾಣ ಮಂಟಪವೊಂದು ಖಾಲಿ ಬಿದ್ದಿತ್ತು. ಯಜಮಾನರು ಬಾಡಿಗೆ ಇಲ್ಲದೆ ಬಿಟ್ಟುಕೊಟ್ಟರು. ಬಂದವರು ಬಾಗಿಲಲ್ಲಿ ತಮಗಾದಷ್ಟು ಡಬ್ಬಿಗೆ ಹಾಕಲಿ, ಅದರಲ್ಲಿ ಕಂಬಳಿ ಕೊಳ್ಳೋಣ ಎಂಬುದು ಯೋಚನೆ.

ಮೇಡಂದು ಒಂದೇ ಷರತ್ತು. ಸನ್ಮಾನ ಕೂಡದು. ನಮ್ಮ ಕಡೆಯ ನಾಟಕ ನೋಡಿದವರಿಗೆ ಅವರ ಸಿಟ್ಟು ಅರ್ಥವಾಗುತ್ತದೆ. ರಾಜನ ಪಾತ್ರದವನು ರಂಗಕ್ಕೆ ಬಂದನೋ ಇಲ್ಲವೋ, ಅವನ ನೆಂಟರು ಸಾಲಾಗಿ ಮೆಟ್ಟಿಲು ಹತ್ತುತ್ತಾರೆ. ಒಬ್ಬರು ಆಳೆತ್ತರದ ಹಾರ, ಒಬ್ಬರು ಶಾಲು, ಒಬ್ಬರು ಪೇಟ, ಒಬ್ಬರು ಹಣ್ಣಿನ ಬುಟ್ಟಿ. ಅಷ್ಟು ಹೊತ್ತೂ ಶತ್ರು ರಾಜ ಎತ್ತಿದ ಕತ್ತಿ ಹಿಡಿದುಕೊಂಡೇ ನಿಂತಿರಬೇಕು. ಅಲ್ಲಿ ಜನ ನೆಲದ ಮೇಲೆ ನಡುಗುತ್ತಿರುವಾಗ ಇಲ್ಲಿ ಹೂವಿಗೆ ಖರ್ಚು ಮಾಡುವುದು ನನಗೆ ಆಗದು ಎಂದು ಮೇಡಂ ಖಡಾಖಂಡಿತ ಹೇಳಿದರು. ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ.

ಬೋರ್ಡ್ ಬರೆಯುವ ಕೆಲಸ ನನ್ನದು. ನಂಜನಗೂಡು, ನರಸೀಪುರ, ಬನ್ನೂರು, ಮೂಗೂರು, ನಾಲ್ಕು ಕಡೆಯ ಬಸ್‌ಸ್ಟ್ಯಾಂಡಿನಲ್ಲಿ ಒಂದೊಂದು. ನಾಟಕದ ವಿವರವನ್ನು ನೀಲಿಯಲ್ಲಿ ಬರೆದು, ಕೆಳಗೆ ಕೆಂಪಿನಲ್ಲಿ, ಅದಕ್ಕಿಂತ ದಪ್ಪ ಅಕ್ಷರದಲ್ಲಿ "ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ ಕಟ್ಟುನಿಟ್ಟಾಗಿ ನಿಷೇಧ" ಎಂದು ಬರೆದೆ. ಮೇಡಂ ಮೆಚ್ಚುತ್ತಾರೆ ಎಂದು ಅಷ್ಟು ದಪ್ಪ ಮಾಡಿದ್ದು. ತಪ್ಪು ಅಲ್ಲೇ ಆಯಿತು. ಮೇಡಂಗೆ ನಾಟಕದವರ ನೆಂಟಸ್ತಿಕೆ ಗೊತ್ತಿಲ್ಲ. ಹದಿನೈದು ವರ್ಷ ಪರದೆಯ ಪಕ್ಕ ನಿಂತ ನನಗೆ ಗೊತ್ತಿರಬೇಕಾಗಿತ್ತು.

ನಾಟಕಕ್ಕೆ ಆರು ದಿನ ಇದೆ ಎನ್ನುವಾಗ ಹಾರ್ಮೋನಿಯಂ ಮೇಷ್ಟ್ರು ಫೋನ್ ಮಾಡಿದರು. ರಾಜನ ಪಾತ್ರದವರು ಗದೆಯನ್ನು ಪಂಚೆಯಲ್ಲಿ ಸುತ್ತಿ ಮೇಷ್ಟ್ರ ಮನೆಗೆ ವಾಪಸ್ ಕಳಿಸಿದ್ದರು. ಗದೆ ವಾಪಸ್ ಬಂತೆಂದರೆ ಪಾತ್ರ ಬೇಡ ಎಂದರ್ಥ. ಇಪ್ಪತ್ತು ವರ್ಷದಿಂದ ಆ ಪಾತ್ರಕ್ಕೆ ಅವರೇ. ಅವರಿಲ್ಲದಿದ್ದರೆ ಅರ್ಧ ಮಂಟಪ ಖಾಲಿ. ಅರ್ಧ ಖಾಲಿ ಎಂದರೆ ನನ್ನ ಎಂಬತ್ತಮೂರು ಕಂಬಳಿ ಇಲ್ಲ.

ರಾಜರು ಚಿಕ್ಕಯ್ಯನಛತ್ರದ ಹತ್ತಿರದ ಒಂದು ಹಳ್ಳಿಯ ಡೈರಿ ಸೆಕ್ರೆಟರಿ. ಬೆಳಗ್ಗೆ ಆರೂವರೆಗೆ ಹೋದೆ. ಹಾಲು ಹಾಕುವವರ ಸಾಲು ಮುಗಿಯುತ್ತಿತ್ತು. ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು, ನೀರು ಬೆರೆತಿದೆಯೇ ಎಂದು ಹಾಲಿನ ಡಿಗ್ರಿ ನೋಡುತ್ತಾ, ನನ್ನ ಕಡೆ ತಿರುಗದೇ ಮಾತಾಡಿದರು.

"ಯಾಕ್ಲಾ ಬಂದೆ. ಇಲ್ಲೂ ಒಂದು ಬೋರ್ಡ್ ಬರ್ದು ಓಗಕ್ಕಾ?"

ತಪ್ಪಾಯಿತು ಅಣ್ಣ, ನಿಮಗೆ ಹಾರದ ಆಸೆ ಇದೆ ಎಂದು ನಾವ್ಯಾರೂ ಅಂದುಕೊಂಡಿಲ್ಲ ಎಂದೆ. ಅದು ಇನ್ನೂ ತಪ್ಪಾಯಿತು.

"ನಂಗ್ಯಾಕ್ಲಾ ಆರದ ಆಸೆ. ನಮ್ಮ ಬಾಮೈದ ಮೂಗೂರಲ್ಲಿ ಪಾರ್ಟ್ ಮಾಡ್ದಾಗ ನಾನು ಓಗಿ ಆರ ಆಕಿವ್ನಿ. ಈಗ ಅವ್ನು ನಂಗಾಕ್ಬೇಕು. ಅದು ಮುಯ್ಯಿ. ಅವ್ನು ಬಸ್‌ಸ್ಟ್ಯಾಂಡಲ್ಲಿ ನಿನ್ನ ಬೋರ್ಡ್ ನೋಡ್ಬುಟ್ಟು, ಭಾವ, ನಮ್ಮ ಆರ ನಿಮಗೆ ಬ್ಯಾಡ್ವಾ ಅಂತ ಫೋನ್ ಮಾಡ್ದ. ನಮ್ಮ ಮನೆಯೋಳು ಎರಡು ದಿನದಿಂದ ನನ್ನ ತಾವು ಮಾತಾಡ್ತಿಲ್ಲ."

ಮದುವೆ ಮನೆಯಲ್ಲಿ ಕೊಟ್ಟದ್ದನ್ನು ತಿರುಗಿ ಕೊಡುವ ಹಾಗೆ ಈ ಹಾರಕ್ಕೂ ಮುಯ್ಯಿ ಇದೆ. ಬೇಡ ಎಂದರೆ ಹೂವನ್ನು ಬೇಡ ಎಂದ ಹಾಗಲ್ಲ, ನೆಂಟನನ್ನು ಬೇಡ ಎಂದ ಹಾಗೆ. ಶಾಲೆಯಲ್ಲಿ ಕಂಡದ್ದನ್ನು ಅವರಿಗೆ ಹೇಳಿದೆ. ಸೀಮೆಸುಣ್ಣದ ಗೆರೆ, ತೋಳಿಲ್ಲದ ಕೋಟು, ಅವರ ಹಳ್ಳಿಯ ಪಕ್ಕದಲ್ಲೇ ಹುಟ್ಟಿದ ಆ ಹೆಂಗಸು ಕೇಳಿದ ಮಾತು. ಅವರು ಡಿಗ್ರಿ ನೋಡುವುದನ್ನು ನಿಲ್ಲಿಸಿದರು. ಕ್ಯಾನ್ ಮುಚ್ಚಿದರು. ಕುಳಿತುಕೋ ಎಂದು ಹೆಗಲ ಮೇಲಿನ ಕಂಬಳಿಯನ್ನೇ ತೆಗೆದು ಕಟ್ಟೆಯ ಮೇಲೆ ಹಾಸಿದರು. ಆದರೂ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

"ಸರಿ ಕಣ್ಲಾ. ಆರ ಬ್ಯಾಡ, ಶಾಲು ಬ್ಯಾಡ ಅಂದ್ರೆ ನೆಂಟ್ರು ಬಂದು ಇನ್ನೇನ ಆಕಾರು? ಕಂಬ್ಳಿ ಆಕಾರಾ?"

ನನ್ನನ್ನು ಹಂಗಿಸಲು ಅಂದ ಮಾತು ಅದು. ನಾನು ಕೂತಿದ್ದ ಕಂಬಳಿಯನ್ನು ನೋಡಿದೆ. ಅವರೂ ನೋಡಿದರು. ಇಬ್ಬರಲ್ಲಿ ಯಾರು ಮೊದಲು ನಕ್ಕದ್ದು ಎಂಬುದು ನೆನಪಿಲ್ಲ. ಹಾಕಲಿ ಅಣ್ಣ, ಅದನ್ನೇ ಹಾಕಲಿ ಎಂದೆ. ರಾಜರು ಆಗಲೇ ಮೂಗೂರಿಗೆ ಫೋನ್ ಹಚ್ಚಿದ್ದರು.

ಮೇಡಂ ಒಪ್ಪಲಿಲ್ಲ.

"ಅದೂ ಸನ್ಮಾನವೇ ಅಲ್ವೇನಯ್ಯಾ. ಹೂವಿನ ಜಾಗಕ್ಕೆ ಉಣ್ಣೆ ಬಂತು, ಅಷ್ಟೇ. ಆಡಂಬರ ಹೋಯಿತಾ?"

ಹದಿನೆಂಟು ವರ್ಷದಲ್ಲಿ ನಾನು ಅವರಿಗೆ ಎದುರು ಮಾತಾಡಿದವನಲ್ಲ. ಅವತ್ತು ಆಡಿದೆ. ಆಡಂಬರ ಹೋಗುವುದಿಲ್ಲ ಮೇಡಂ, ಆದರೆ ನಮ್ಮ ಜನ ಡಬ್ಬಿಗೆ ಹಾಕುವಾಗ ಹತ್ತರ ನೋಟು ಹುಡುಕುತ್ತಾರೆ, ನೆಂಟನ ಹೆಗಲಿಗೆ ಹಾಕುವಾಗ ಅಂಗಡಿಯಲ್ಲಿ ಇರುವುದರಲ್ಲೇ ಒಳ್ಳೆಯದು ಯಾವುದು ಎಂದು ಹುಡುಕುತ್ತಾರೆ ಎಂದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡು, ಬೋರ್ಡಿನ ಕೆಂಪು ಸಾಲು ಯಾವಾಗ ಅಳಿಸುತ್ತೀಯ ಎಂದು ಮಾತ್ರ ಕೇಳಿದರು.

ಬಿಳಿ ಬಣ್ಣದ ಡಬ್ಬಿ ಹಿಡಿದು ಎರಡು ದಿನ ನಾಲ್ಕು ಊರು ಸುತ್ತಿದೆ. ಕೆಂಪು ಸಾಲಿನ ಮೇಲೆ ಬಿಳಿ ಬಳಿದು, ಒಣಗಿದ ಮೇಲೆ ಹಸಿರಿನಲ್ಲಿ "ಹಾರದ ಬದಲು ಹೊಸ ಕಂಬಳಿ ಹಾಕಿ. ಆ ಕಂಬಳಿ ಬೆಟ್ಟದವರಿಗೆ" ಎಂದು ಬರೆದೆ. ಬನ್ನೂರಿನಲ್ಲಿ ಬಿಳಿ ಬಣ್ಣ ಒಣಗಲು ಮಳೆ ಬಿಡಲಿಲ್ಲ. ಒಬ್ಬ ಟೀ ಅಂಗಡಿಯವರು ಕೊಡೆ ಹಿಡಿದುಕೊಂಡು ನಿಂತರು.

ಭಾನುವಾರ ಮೂರೂವರೆಗೇ ಮಂಟಪ ಮುಕ್ಕಾಲು ತುಂಬಿತು. ಆಷಾಢಕ್ಕೆ ತವರಿಗೆ ಬಂದಿದ್ದ ಹೊಸ ಮದುವೆಯ ಹೆಣ್ಣುಮಕ್ಕಳೇ ಒಂದು ಮೂಲೆ. ಒಳಗೆ ಬಣ್ಣದ ಮನೆಯಲ್ಲಿ ರಾಣಿಯ ಪಾತ್ರದವರು ಒಬ್ಬರೇ ಕೂತು ಚೌರಿ ಕಟ್ಟಿಕೊಳ್ಳುತ್ತಿದ್ದರು. ಅವರು ಮೈಸೂರಿನವರು, ನಾಟಕವೇ ಕಸುಬು. ನಮ್ಮ ಮಂಡಳಿಗಳು ಹೆಣ್ಣು ಪಾತ್ರಕ್ಕೆ ಅವರಂಥವರನ್ನು ಸಂಭಾವನೆ ಕೊಟ್ಟು ಕರೆಸುತ್ತವೆ. ಈ ಸಲ ಸಂಭಾವನೆ ಬೇಡ ಎಂದು ತಾವೇ ಬಸ್ಸಿನಲ್ಲಿ ಬಂದಿದ್ದರು. ನಾನು ಪುಸ್ತಕ ಹಿಡಿದು ಆ ಕಡೆ ಹೋದಾಗ ಹೊಸ ಬೋರ್ಡ್ ಚೆನ್ನಾಗಿದೆ ಎಂದರು.

"ಆದ್ರೆ ಅಣ್ಣ, ನಮಗೆ ಹಾರ ಆದ್ರೂ ಒಂದೇ, ಕಂಬಳಿ ಆದ್ರೂ ಒಂದೇ. ಇಷ್ಟು ವರ್ಷ ರಾಣಿ ಆಗಿದ್ದೀನಿ. ಹಾಕೋದು ನೆಂಟ್ರಲ್ವಾ. ಈ ಊರಲ್ಲಿ ನಮಗೆ ಯಾರಿದ್ದಾರೆ."

ದೂರಿನ ಹಾಗೆ ಹೇಳಲಿಲ್ಲ. ಪಿನ್ನು ಬಾಯಲ್ಲಿ ಕಚ್ಚಿಕೊಂಡು, ಕನ್ನಡಿ ನೋಡುತ್ತಾ, ಮಳೆ ಬರುತ್ತಿದೆ ಎನ್ನುವ ಹಾಗೆ ಹೇಳಿದರು.

ಪರದೆ ಎದ್ದಿತು. ರಾಜರು ಬಂದು ಮೊದಲ ಹಾಡು ಹಾಡಿ ನಿಂತರು. ನೆಂಟರು ಮೆಟ್ಟಿಲು ಹತ್ತಬೇಕಾದ ಹೊತ್ತು. ಯಾರೂ ಏಳಲಿಲ್ಲ. ನಾನು ಪರದೆಯ ಸಂದಿಯಿಂದ ನೋಡಿದೆ. ಜನರ ತೊಡೆಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕಂಬಳಿಗಳೇನೋ ಇದ್ದವು. ಆದರೆ ಕಿರೀಟ ಇಟ್ಟವನಿಗೆ ಕಂಬಳಿ ಹೊದಿಸಿ ಯಾರಿಗೂ ಅಭ್ಯಾಸವಿಲ್ಲ. ಜ್ವರ ಬಂದವರಿಗೆ ತಾನೇ ಹೊದಿಸುವುದು ಎಂದು ಯಾರೋ ಹಿಂದಿನಿಂದ ಅಂದರು, ನಗು ಎದ್ದಿತು. ಇನ್ನೊಂದು ನಿಮಿಷ ಹೀಗೇ ಹೋಗಿದ್ದರೆ ಕವರುಗಳೆಲ್ಲ ಬಂದ ಹಾಗೇ ಮನೆಗೆ ಹೋಗುತ್ತಿದ್ದವು.

ಆಗ ಮೂಗೂರಿನ ಬಾಮೈದ ಎದ್ದರು. ಗಟ್ಟಿ ಆಳು, ಇಸ್ತ್ರಿ ಮಾಡಿದ ಬಿಳಿ ಶರಟು. ರಂಗದ ಮೇಲೆ ಬಂದು ಕವರು ಹರಿದು, ಮಡಿಕೆ ಬಿಚ್ಚಿ, ಕಂಬಳಿಯನ್ನು ಒಂದು ಸಲ ಜಾಡಿಸಿದರು. ರಾಜರು ಹಾರಕ್ಕೆ ಬಗ್ಗುವ ಹಾಗೆಯೇ ಕಿರೀಟದ ತಲೆ ಬಗ್ಗಿಸಿದರು. ಕಂಬಳಿ ಹೆಗಲಿಗೆ ಬಿತ್ತು. ಮಂಟಪ ಹಾರಿಹೋಗುವ ಹಾಗೆ ಶಿಳ್ಳೆ. ಬಾಮೈದ ಇಳಿಯಲಿಲ್ಲ. ಕೆಳಗೆ ಕೈ ಮಾಡಿದರು. ಅವರ ತಮ್ಮ, ಚಿಕ್ಕಪ್ಪ, ಷಡ್ಡಕ ಎಂದು ಇನ್ನೂ ಆರು ಜನ ಸಾಲಾಗಿ ಬಂದು ಆರು ಕಂಬಳಿ ಹೇರಿದರು.

ಏಳು ಕಂಬಳಿಯ ಕೆಳಗೆ, ಅಷ್ಟು ದೀಪದ ಬಿಸಿಯಲ್ಲಿ, ರಾಜರ ಮುಖದ ಬಣ್ಣ ಬೆವರಿನ ಜೊತೆ ಇಳಿಯಲು ಶುರುವಾಯಿತು. ಪಕ್ಕಕ್ಕೆ ಸರಿದು ನನ್ನ ಕಡೆ ಬಾಯಿ ಮಾಡಿ, "ಸಾಯ್ತೀನಿ ಕಣ್ಲಾ, ತೆಗಿಸ್ಲಾ," ಎಂದರು. ತೆಗೆಯಲು ಜನ ಬಿಡಬೇಕಲ್ಲ. ರಾಜರು ಮೀಸೆ ತೀಡಿ, ತಮ್ಮ ಬೊಕ್ಕಸದಲ್ಲಿ ಕಂಬಳಿಗೆ ಬರವಿಲ್ಲವೆಂದು ಶತ್ರುವಿಗೆ ಸಾರಿದರು. ಆ ಮಾತನ್ನು ನಾನು ಪುಸ್ತಕದಲ್ಲಿ ಹುಡುಕಿದ್ದೇ ಹುಡುಕಿದ್ದು. ಅದು ಅಲ್ಲಿರಲಿಲ್ಲ.

ಶತ್ರು ಸೇನಾಪತಿ ಬನ್ನೂರಿನವರು. ಅವರ ಕಡೆಯವರು ನಾಲ್ಕೇ ತಂದಿದ್ದರು. ಏಳರ ಮುಂದೆ ನಾಲ್ಕು ಎಂದರೆ ಬನ್ನೂರಿನ ಮಾನದ ಪ್ರಶ್ನೆ. ಇಬ್ಬರು ಎದ್ದು ಹೊರಗೆ ಓಡಿದರು. ಭಾನುವಾರ ಬಾಗಿಲು ಹಾಕಿದ್ದ ಅಂಗಡಿಯವರನ್ನು ಮನೆಯಿಂದ ಎಬ್ಬಿಸಿಕೊಂಡು ಬಂದು ಶಟರ್ ಎತ್ತಿಸಿದರಂತೆ. ಒಂಬತ್ತು ತಂದರು. ಅದನ್ನು ನೋಡಿ ಮಂತ್ರಿಯ ಪಾತ್ರದವರ ಅಳಿಯ ಓಡಿದರು. ಏಳು ಗಂಟೆಯ ಹೊತ್ತಿಗೆ ನರಸೀಪುರದ ಆ ಅಂಗಡಿಯಲ್ಲಿ ಕಂಬಳಿ ಮುಗಿದು, ರಗ್ಗು ಮುಗಿದು, ಇನ್ನು ಜಮಖಾನ ಬೇಕಾದರೆ ಇದೆ ಎನ್ನುವ ಹಾಗಾಯಿತು.

ಕವಿಗಳ ಸರದಿಯೂ ಬಂತು. ಕಾಲೇಜಿನ ಲೆಕ್ಚರರ್ ಒಬ್ಬರು ಹೊಳೆಯ ಮೇಲೆ ಬರೆದದ್ದನ್ನು ಓದುತ್ತಿದ್ದರು. ಕೆಂಪು ನೀರು ಬಂದ ಬೆಳಗ್ಗೆಯ ಸಾಲು ಬಂದಾಗ ಮುಂದಿನ ಸಾಲಿನ ರೈತರೊಬ್ಬರು ಎದ್ದು ಬಂದು ಅವರ ಮೇಲೆ ಒಂದು ರಗ್ಗು ಹಾಕಿ ಹೋದರು. ಲೆಕ್ಚರರಿಗೆ ಎರಡನೇ ಹಾಳೆ ಎಲ್ಲಿದೆ ಎಂಬುದೇ ಮರೆತುಹೋಯಿತು. ನಾನು ಪರದೆಯ ಪಕ್ಕದಿಂದ ನಿಮ್ಮ ಎಡಗೈಯಲ್ಲೇ ಇದೆ ಸಾ ಎಂದೆ. ಕವಿಗಳಿಗೂ ಎತ್ತಿಕೊಡಬೇಕಾಗಿ ಬಂದದ್ದು ಅದೇ ಮೊದಲು.

ಕೊನೆಯ ದೃಶ್ಯಕ್ಕೆ ಮುಂಚೆ ರಾಣಿಯ ಹಾಡು. ಯುದ್ಧಕ್ಕೆ ಹೊರಟ ಗಂಡನನ್ನು ಕಳಿಸಿ ಒಬ್ಬಳೇ ಉಳಿದವಳ ಹಾಡು. ಆವತ್ತು ಅವರು ಹಾಡಿದ ಹಾಗೆ ನಾನು ಮತ್ತೆ ಕೇಳಿಲ್ಲ. ತವರಿಗೆ ಬಂದಿದ್ದ ಹೆಣ್ಣುಮಕ್ಕಳ ಮೂಲೆಯಲ್ಲಿ ಸೆರಗುಗಳು ಕಣ್ಣಿಗೆ ಹೋದವು. ಹಾಡು ಮುಗಿಯಿತು, ಚಪ್ಪಾಳೆ ಬಿತ್ತು. ಅವರು ಎಂದಿನ ಹಾಗೆ ಕೈ ಮುಗಿದು ಒಳಗೆ ತಿರುಗಿದರು. ನನಗೆ ಬಣ್ಣದ ಮನೆಯ ಮಾತು ನೆನಪಾಗಿ ತಲೆ ತಗ್ಗಿಸಿ ಪುಸ್ತಕ ನೋಡಿದೆ.

ನಿಲ್ಲಮ್ಮ ಎಂದು ಯಾರೋ ಅಂದದ್ದು ಕೇಳಿಸಿತು. ಮೇಡಂ ಮೆಟ್ಟಿಲು ಹತ್ತುತ್ತಿದ್ದರು. ಮಂಡಿ ನೋವಿನವರು, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು. ಅವರ ಕಂಕುಳಲ್ಲಿ ಅಂಗಡಿಯ ಕವರು ಇರಲಿಲ್ಲ, ಮನೆಯ ಬಟ್ಟೆ ಚೀಲ ಇತ್ತು. ಅದರಿಂದ ಅಂಚಿನಲ್ಲಿ ಬಿಳಿ ಪಟ್ಟೆ ಇದ್ದ, ಇನ್ನೂ ಮಡಿಕೆ ಬಿಚ್ಚದ ಕೈನೇಯ್ಗೆ ಕಂಬಳಿ ತೆಗೆದರು. ಜನ್ಮದಲ್ಲಿ ಯಾರಿಗೂ ಹಾರ ಹಾಕದವರು, ತಮಗೆ ಹಾಕಿಸಿಕೊಳ್ಳದವರು. ರಾಣಿಯ ಹೆಗಲಿಗೆ ಹೊದಿಸಿ, ಎರಡೂ ತುದಿಯನ್ನು ಮುಂದಕ್ಕೆ ತಂದು ಮಕ್ಕಳಿಗೆ ಮಾಡುವ ಹಾಗೆ ಕೂಡಿಸಿ ಹಿಡಿದರು.

"ನನ್ನ ಕಡೆಯಿಂದ ಕಣಮ್ಮ. ನನ್ನನ್ನ ಅಕ್ಕ ಅಂದ್ಕೋ."

ರಾಣಿ ಅವರ ಭುಜಕ್ಕೆ ಮುಖ ಒತ್ತಿದರು. ಮೇಡಂ ಸೀರೆಗೆ, ಕಂಬಳಿಗೆ, ಎರಡಕ್ಕೂ ಗುಲಾಬಿ ಬಣ್ಣ ಹತ್ತಿತು. ನಾನು ಮುಂದಿನ ಮಾತು ಎತ್ತಿಕೊಡಬೇಕಾಗಿತ್ತು. ಪುಸ್ತಕದ ಅಕ್ಷರ ಕಾಣಿಸಲಿಲ್ಲ.

ನಾಟಕ ಮುಗಿದಮೇಲೆ ಎಲ್ಲರೂ ಕೂತು ಮಡಿಸಿದೆವು. ನೂರು ದಾಟಿತ್ತು. ಎಂಬತ್ತಮೂರು ಎಂದು ಬಾಯಿಪಾಠ ಮಾಡಿಕೊಂಡಿದ್ದ ನಾನು ಕೂತಲ್ಲೇ ಒಂದು ಸಲ ಕಣ್ಣು ಮುಚ್ಚಿದೆ. ಆದರೆ ಮಡಿಸುತ್ತಾ ಮಡಿಸುತ್ತಾ ನೋಡಿದರೆ, ಬಹಳಷ್ಟರ ಅಂಚಿನಲ್ಲಿ, ಕುತ್ತಿಗೆಗೆ ತಾಕುವ ಕಡೆ, ಬಣ್ಣ. ರಾಜರದ್ದು ಕೆಂಪು, ಸೇನಾಪತಿಯದ್ದು ಹಳದಿಗೆ ತಿರುಗಿದ ಗುಲಾಬಿ, ಮಂತ್ರಿಯ ಗಡ್ಡದ ಅಂಟು ಕೂಡ. ಯಾರೋ ಉಟ್ಟು ಬಿಟ್ಟದ್ದು ಬೇಡ ಎಂದಿದ್ದ ಆ ಹೆಂಗಸಿನ ಮುಖ ಕಣ್ಣ ಮುಂದೆ ಬಂತು. ಒಗೆಯೋಣ ಎಂದರೆ ಆಷಾಢದ ಮೋಡದಲ್ಲಿ ಕಂಬಳಿ ವಾರಕ್ಕೂ ಒಣಗುವುದಿಲ್ಲ. ಅಮಾವಾಸ್ಯೆಗೆ ಮೂರೇ ದಿನ, ನನ್ನ ಮಾತು ಆಷಾಢದೊಳಗೆ. ಒಗೆದದ್ದನ್ನು ಹೊಸದು ಎಂದು ಯಾವ ಬಾಯಲ್ಲಿ ಕೊಡುವುದು. ಮೇಡಂ ಬಂದು ನೋಡಿದರು. ಹಾಗೇ ತೆಗೆದುಕೊಂಡು ಹೋಗು, ಕೇಳಿದರೆ ನಿಜ ಹೇಳು ಎಂದರು.

ಮಾರನೇ ದಿನವೇ ಲಾರಿ ಹೊರಟಿತು. ಯಾರ ಹೆಗಲಿನದ್ದು ಅವರದೇ ಗಂಟು. ರಾಜರ ಏಳನ್ನು ಬಾಮೈದನೇ ಬೇರೆ ಹಗ್ಗದಲ್ಲಿ ಬಿಗಿದಿದ್ದರು. ಘಟ್ಟ ಹತ್ತುವಷ್ಟು ಹೊತ್ತೂ ನಾನು ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದೆ.

ಶಾಲೆಯ ವರಾಂಡದಲ್ಲಿ ನೋಟ್‌ಬುಕ್ ತೆಗೆದು ಒಬ್ಬೊಬ್ಬರ ಹೆಸರು ಕೂಗಿದೆ. ಹೆಸರು ಬರೆದುಕೊಂಡು ಹೋದವನು ವಾಪಸ್ ಬಂದ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಆ ಹೆಂಗಸಿನ ಸರದಿ ಬಂದಾಗ ಕೈಗೆ ಸಿಕ್ಕಿದ್ದು ಬಿಳಿ ಪಟ್ಟೆಯ ಕಂಬಳಿ. ಅವರು ಅದನ್ನು ಬಿಚ್ಚಿದರು. ಅಂಚು ಹಿಡಿದು ಬೆಳಕಿಗೆ ಒಡ್ಡಿದರು. ಬೆರಳಲ್ಲಿ ಉಜ್ಜಿ ಮೂಸಿದರು.

"ಇದ ಯಾರೋ ಮೈಮೇಲೆ ಆಕ್ಕೊಂಡವ್ರೆ."

ಹೌದು ಅಕ್ಕ ಎಂದೆ. ಜೋಡಿಸಿಕೊಂಡಿದ್ದ ಮಾತೊಂದೂ ನೆನಪಿಗೆ ಬರಲಿಲ್ಲ. ಎತ್ತಿಕೊಡುವವರು ಪಕ್ಕದಲ್ಲಿ ಯಾರೂ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಕೆಂಪು ಬೋರ್ಡು, ವಾಪಸ್ ಬಂದ ಗದೆ, ಏಳು ಕಂಬಳಿಯ ಕೆಳಗೆ ರಾಜರು ಬೆವೆತದ್ದು, ಬನ್ನೂರಿನವರು ಅಂಗಡಿಗೆ ಓಡಿದ್ದು. ಸುತ್ತ ಜನ ಸೇರಿದರು. ಗುಡ್ಡ ಜಾರಿದ ಮೇಲೆ ಆ ವರಾಂಡದಲ್ಲಿ ಯಾರಾದರೂ ನಕ್ಕಿದ್ದರೋ ಇಲ್ಲವೋ ಗೊತ್ತಿಲ್ಲ, ಅವತ್ತು ನಕ್ಕರು. ನಿಮ್ಮ ಕೈಯಲ್ಲಿರುವುದು ರಾಣಿಯ ಹೆಗಲಿಗೆ ಹಾಕಿದ್ದು, ಹಾಕಿದವರು ನನಗೆ ಓದು ಕಲಿಸಿದವರು ಎಂದೆ. ಅದಕ್ಕೆ ಮುಂಚೆಯಾಗಲಿ ಆಮೇಲಾಗಲಿ ಅದನ್ನು ಯಾರೂ ಹೊದ್ದಿಲ್ಲ ಎಂದೆ.

ಆ ಕಡೆ ಎಲ್ಲರೂ ತಮ್ಮ ತಮ್ಮ ಕಂಬಳಿಯ ಅಂಚು ಹುಡುಕಲು ಶುರು ಮಾಡಿದ್ದರು. ನಂದು ರಾಜಂದಾ, ನಂದು ಯಾರದು ಎಂದು ಕೇಳುವವರು. ಒಬ್ಬ ಮುದುಕಪ್ಪ ಎರಡೂ ಕಡೆ ತಿರುಗಿಸಿ ನೋಡಿ, "ನಂದ್ರಲ್ಲಿ ಬಣ್ಣನೇ ಇಲ್ವಲ್ಲ," ಎಂದು ನನಗೆ ಕೊಡಲು ಬಂದರು. ಬದಲಾಯಿಸಿ ಸೇನಾಪತಿಯದೊಂದು ಕೊಟ್ಟೆ. ಆಮೇಲೆ ಪ್ರತಿ ಹೆಸರಿನ ಮುಂದೆ ಇದು ಯಾರ ಹೆಗಲಿನದು ಎಂದೂ ಬರೆಯುತ್ತಾ ಹೋದೆ.

ಹೊರಡುವಾಗ ಆ ಹೆಂಗಸು ಕಂಬಳಿ ಹೊದ್ದು ಬಾಗಿಲಲ್ಲಿ ನಿಂತಿದ್ದರು. ಬಣ್ಣದ ಅಂಚು ಹೊರಗೆ ಕಾಣುವ ಹಾಗೆ.

"ನಮ್ಮೂರ್ನೋರು ಕಳ್ಸಿರೋದು ಇದು," ಎಂದು ಪಕ್ಕದವರಿಗೆ ಹೇಳಿದರು. ನನ್ನನ್ನು ಕೇಳಲಿಲ್ಲ.

ಊರಿಗೆ ಬಂದವನು ಮಾರನೇ ಬೆಳಗ್ಗೆ ಡೈರಿಗೆ ಹೋದೆ. ಹಾಲಿನ ಸಾಲು ಇನ್ನೂ ಉದ್ದ ಇತ್ತು. ರಾಜರು ನನ್ನನ್ನು ನೋಡಿದ್ದೇ, ತಮ್ಮ ಏಳು ಯಾರ್ಯಾರಿಗೆ ಸಿಕ್ಕಿತು ಎಂದು ಕೇಳಿದರು. ನೋಟ್‌ಬುಕ್ ತೆಗೆದು ಏಳು ಹೆಸರನ್ನೂ ಓದಿದೆ. ಅವರು ಡಿಗ್ರಿ ನೋಡುವ ಕೊಳವೆಯನ್ನು ಹಾಲಿನಲ್ಲೇ ಬಿಟ್ಟು, ಸಾಲಿನಲ್ಲಿದ್ದವರಿಗೆ ಸುಮ್ಮನಿರಿ ಎಂದು ಕೈ ಮಾಡಿ, ಇನ್ನೊಂದು ಸಲ ಗಟ್ಟಿಯಾಗಿ ಓದು ಎಂದರು. ಓದಿದೆ.